ಒಂದು ತಲೆಬಾಗಿಲಿನ ಬೆಲೆ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೂಲಕ ಕಳಸದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಒಂದು ಹಳೆಯ ಹೆಂಚಿನ ಮನೆಯಿದೆ. ಮಲೆನಾಡಿನ ಹಳೆಯ ಮನೆಗಳನ್ನು ಕುರಿತು ಒಂದು ಸಂವಾದ ಕಾರ್ಯಕ್ರಮ ಸಿದ್ಧಪಡಿಸುವ ಸಲುವಾಗಿ ನಾವು ಜುಲೈ ತಿಂಗಳ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆವು. ಮಳೆ ಬಿಡದೆ ಸುರಿಯುತ್ತಿತ್ತು. ಕ್ಯಾಮೆರಾವನ್ನು ಕೊಡೆಯ ಮರೆಯಲ್ಲಿ ಹಿಡಿದುಕೊಂಡು ಜಗಲಿ ಹತ್ತಿದರೆ ಬಾಗಿಲೇ ತೆರೆಯಲಿಲ್ಲ. ಒಳಗಿನಿಂದ ಒಬ್ಬರು ಎಳೆದು, ಹೊರಗಿನಿಂದ ಇಬ್ಬರು ತಳ್ಳಿದ ಮೇಲೆ ಒಂದು ಕದ ಕಿರುಗುಟ್ಟುತ್ತಾ ಅರ್ಧ ಸರಿಯಿತು. ಇನ್ನೊಂದು ಕದ ಅಲುಗಾಡಲೇ ಇಲ್ಲ.

ಮನೆಯ ಹಿರಿಯಜ್ಜಿ ನಕ್ಕು ಹೇಳಿದರು: “ಎಂತ ಮಾಡೋದು ಮಾರಾಯ್ರೆ, ಮಳೆಗಾಲ ಮುಗಿಯೋವರೆಗೆ ನಾವೂ ಹಿತ್ತಿಲ ಬಾಗಿಲಲ್ಲೇ ಓಡಾಡೋದು. ಇದನ್ನ ತೆಗೆದು ಹೊಸದು ಹಾಕಿಸಿ ಅಂತ ಎಲ್ಲರೂ ಹೇಳ್ತಾರೆ. ಎಷ್ಟಾಗುತ್ತೆ ಅಂತ ಕೇಳಿದ್ರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.”

ವಿದ್ಯಾರ್ಥಿ ಮಿತ್ರರೇ, ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಅಂದು ಆ ಅಜ್ಜಿ ಕೇಳಿದ ‘ಎಷ್ಟಾಗುತ್ತೆ?’ ಎಂಬ ಸಾಮಾನ್ಯ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ನಮಗೆ ಮುನ್ನೂರು ವರ್ಷಗಳ ಕಥೆ ಎದುರಾಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೂರು ದಾರಿಗಳು

ಮೊದಲು ಸಮಸ್ಯೆ ಏನೆಂದು ನೋಡೋಣ. ಬಾಗಿಲಿನ ಮೇಲ್ಭಾಗ ಕಬ್ಬಿಣದಂತೆ ಗಟ್ಟಿಯಾಗಿತ್ತು. ಆದರೆ ಕೆಳಗಿನ ಮುಕ್ಕಾಲು ಅಡಿಯಷ್ಟು ಭಾಗ ಮಳೆಯ ಇರಚಲಿಗೆ ನೆನೆನೆನೆದು ಮೆತ್ತಗಾಗಿತ್ತು. ಹೊಸ್ತಿಲಿನ ಒಂದು ತುದಿಯನ್ನು ಗೆದ್ದಲು ಹಿಡಿದಿತ್ತು. ಕದ ತಿರುಗುವ ಕುಳಿ ಅಗಲವಾಗಿ, ಕದ ಕೆಳಗೆ ಕುಸಿದು ನೆಲಕ್ಕೆ ಕಚ್ಚಿಕೊಂಡಿತ್ತು.

ಮನೆಯವರ ಮುಂದೆ ಮೂರು ದಾರಿಗಳಿದ್ದವು. ಒಂದು, ಪೇಟೆಯ ಅಂಗಡಿಯಿಂದ ಕಾರ್ಖಾನೆಯಲ್ಲಿ ತಯಾರಾದ ಬಾಗಿಲನ್ನು ತಂದು ಒಂದೇ ದಿನದಲ್ಲಿ ಕೂರಿಸುವುದು. ಎರಡು, ಹಳೆಯ ವಸ್ತುಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬರು ಹೇಳಿಹೋದ ದಾರಿ: “ಈ ಹಳೇ ಬಾಗಿಲು, ದಾರಂದ ನಮಗೆ ಕೊಡಿ. ಹೊಸ ಬಾಗಿಲು ನಾವೇ ಹಾಕಿಸಿ, ಮೇಲೆ ಒಂದಿಷ್ಟು ಹಣವನ್ನೂ ಕೊಡ್ತೇವೆ.” ಮೂರನೆಯದು ಊರಿನ ಆಚಾರಿಯವರದು. ಅವರು ಕದವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, “ಅಮ್ಮಾ, ಇಂಥದ್ದೇ ಮಾಡು ಅಂದ್ರೆ ಮಾಡ್ತೇನೆ. ಮರ ಎಲ್ಲಿಂದ ತರ್ತೀರಿ ಹೇಳಿ” ಎಂದಿದ್ದರು.

ಪುಕ್ಕಟೆಯಾಗಿ ಸಿಗುವ ಹೊಸ ಬಾಗಿಲಿನ ಆಸೆ ಮನೆಯಲ್ಲಿ ಹಲವರಿಗೆ ಹಿಡಿದಿತ್ತು. ಅದೂ ಸಹಜವೇ. ಆ ವರ್ಷ ಮೆಣಸಿನ ಬಳ್ಳಿಗೆ ರೋಗ ಬಂದು ಕೈಯಲ್ಲಿ ಹಣವಿರಲಿಲ್ಲ. ಆದರೆ ಪಿಯುಸಿ ಓದುತ್ತಿದ್ದ ಮೊಮ್ಮಗಳು ಒಂದು ಪ್ರಶ್ನೆ ಎತ್ತಿದಳು: “ಅಜ್ಜಿ, ಕೆಟ್ಟುಹೋದ ಬಾಗಿಲಿಗೆ ಅವರು ಹಣ ಯಾಕೆ ಕೊಡ್ತಾರೆ?” ನಮ್ಮ ಹುಡುಕಾಟ ಶುರುವಾದದ್ದು ಇಲ್ಲಿಂದ.

ಬಾಗಿಲೇ ದಾಖಲೆ

ಆ ಮನೆಯಲ್ಲಿ ಕಟ್ಟಿದ ವರ್ಷವನ್ನು ಹೇಳುವ ಕಾಗದ ಪತ್ರ ಯಾವುದೂ ಇರಲಿಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ, ವಸ್ತುವನ್ನೇ ಸಾಕ್ಷಿಗೆ ಕರೆಯಬಹುದು ಎಂಬ ಪಾಠ ನೆನಪಿತ್ತು. ಟಾರ್ಚು ಹಿಡಿದು ಬಾಗಿಲನ್ನು ಪರೀಕ್ಷಿಸಿದೆವು.

ಮೊದಲ ಸಾಕ್ಷಿ ಕದದ ಹಿಂಬದಿ. ಅಲ್ಲಿ ಗರಗಸದ ಗುರುತುಗಳಿದ್ದವು. ಗೆರೆಗಳು ನೇರವಾಗಿದ್ದವು, ಆದರೆ ಅವುಗಳ ನಡುವಿನ ಅಂತರ ಒಂದೇ ಸಮನಾಗಿರಲಿಲ್ಲ. ಯಂತ್ರದ ದುಂಡು ಗರಗಸ ಬಿಲ್ಲಿನಂತೆ ಬಾಗಿದ ಗೆರೆಗಳನ್ನು ಉಳಿಸುತ್ತದೆ. ಇಲ್ಲಿ ಇದ್ದದ್ದು ಕೈಗರಗಸದ ಗುರುತು. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ, ಒಬ್ಬ ಮೇಲೆ ನಿಂತು, ಇನ್ನೊಬ್ಬ ಕೆಳಗೆ ನಿಂತು, ಉದ್ದನೆಯ ಗರಗಸವನ್ನು ಎಳೆದಾಡಿ ಕೊಯ್ದ ಹಲಗೆ ಅದು.

ಎರಡನೆಯ ಸಾಕ್ಷಿ, ಬಾಗಿಲಿಗೆ ಕೀಲುಪಟ್ಟಿ ಇಲ್ಲದಿರುವುದು. ಕದದ ಒಂದು ಅಂಚಿನಲ್ಲಿ ಮೇಲೂ ಕೆಳಗೂ ಗೂಟದಂತೆ ಮರವನ್ನು ಚಾಚಿ ಬಿಟ್ಟಿದ್ದಾರೆ. ಆ ಗೂಟಗಳು ದಾರಂದದ ತಲೆಪಟ್ಟಿಯಲ್ಲೂ ಹೊಸ್ತಿಲಿನಲ್ಲೂ ಕೊರೆದ ಕುಳಿಗಳಲ್ಲಿ ತಿರುಗುತ್ತವೆ. ಒಂದು ತಿರುಪು ಮೊಳೆಯನ್ನೂ ಬಳಸಿಲ್ಲ. ಹೊಸ್ತಿಲು ಕೆಟ್ಟರೆ ಕದ ಕುಸಿಯುವುದು ಈ ಕಾರಣದಿಂದಲೇ.

ಮೂರನೆಯ ಸಾಕ್ಷಿ ಛಾವಣಿಯಲ್ಲಿತ್ತು. ಜಗಲಿಯ ಮೇಲಿನ ಒಂದು ಹೆಂಚನ್ನು ಇಳಿಸಿ ನೋಡಿದಾಗ ಬಾಸೆಲ್ ಮಿಷನ್‌ನ ಅಚ್ಚು ಕಂಡಿತು. ಈ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಈ ಸಂಸ್ಥೆಯ ಹಲವು ಹೆಂಚುಗಳ ಮೇಲೆ 1865 ಎಂಬ ಅಂಕಿಯೇ ಇರುತ್ತದೆ. ಅದು ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಆರಂಭವಾದ ವರ್ಷ ಎಂಬುದನ್ನು ಗಮನಿಸಬೇಕು. ಮೊದಲನೆಯ ಮಹಾಯುದ್ಧದ ಬಳಿಕ ಈ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದವು. ಆದ್ದರಿಂದ ನಾವು ನೋಡಿದ ಹೆಂಚು ಘಟ್ಟ ಹತ್ತಿ ಬಂದದ್ದು ಸುಮಾರಾಗಿ ಆ ಎರಡು ಕಾಲಗಳ ನಡುವೆ ಎಂದು ಊಹಿಸಬಹುದು. ಹೆಂಚು ಮನೆಯ ವಯಸ್ಸನ್ನು ಹೇಳುವುದಿಲ್ಲ, ಹೆಂಚು ಹೊದಿಸಿದ ಕಾಲವನ್ನಷ್ಟೇ ಸೂಚಿಸುತ್ತದೆ. ಅದಕ್ಕೆ ಮುಂಚೆ ಮಲೆನಾಡಿನ ಬಹುಪಾಲು ಮನೆಗಳಿಗೆ ಹುಲ್ಲು, ಸೋಗೆಯ ಹೊದಿಕೆ ಅಥವಾ ನಾಡಹೆಂಚು ಇರುತ್ತಿತ್ತು.

ನಾಲ್ಕನೆಯ ಸಾಕ್ಷಿ ಮರವೇ. ಎರಡು ಕದಗಳಲ್ಲಿ ಪ್ರತಿಯೊಂದೂ ಒಂದೊಂದೇ ಹಲಗೆ. ಜೋಡಣೆಯಿಲ್ಲ. ಕಪ್ಪು ಮಿಶ್ರಿತ ನೇರಳೆಯ ಬಣ್ಣ, ನಡುನಡುವೆ ಗಾಢವಾದ ಗೆರೆಗಳು. ಅದು ಬೀಟೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ.

ಒಂದೂವರೆ ಅಡಿ ಅಗಲಕ್ಕೆ ಎಷ್ಟು ವರ್ಷ?

ಮರದ ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಹೊರಗೆ ತಿಳಿಬಣ್ಣದ ಭಾಗ, ಒಳಗೆ ಗಾಢಬಣ್ಣದ ಭಾಗ ಕಾಣುತ್ತದೆ. ಹೊರಗಿನದು ನೀರನ್ನು ಮೇಲಕ್ಕೆ ಸಾಗಿಸುವ ಜೀವಂತ ಮರ. ಅದರಲ್ಲಿ ಪಿಷ್ಟವಿರುವುದರಿಂದ ಹುಳು, ಗೆದ್ದಲುಗಳಿಗೆ ಅದು ಹಬ್ಬದೂಟ. ಒಳಗಿನದನ್ನು ನಮ್ಮ ಜನ ಕೆಚ್ಚು ಎನ್ನುತ್ತಾರೆ. ಕೆಚ್ಚೆದೆ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಮರ ತನ್ನ ಒಳಭಾಗದಲ್ಲಿ ಕೆಲವು ರಾಸಾಯನಿಕಗಳನ್ನು ತುಂಬಿಕೊಳ್ಳುತ್ತದೆ. ತೇಗದಲ್ಲಿ ಟೆಕ್ಟೋಕ್ವಿನೋನ್, ಬೀಟೆಯಲ್ಲಿ ಲ್ಯಾಟಿಫೋಲಿನ್ ಇಂಥವು. ಇವು ಗೆದ್ದಲಿಗೂ ಶಿಲೀಂಧ್ರಕ್ಕೂ ವಿಷ. ಶತಮಾನ ಬಾಳುವ ಬಾಗಿಲು ಬೇಕೆಂದರೆ ಕೆಚ್ಚೇ ಬೇಕು.

ಈಗ ಒಂದು ಸರಳ ಲೆಕ್ಕ ಮಾಡೋಣ. ಒಂದು ಕದದ ಅಗಲ ಒಂದೂವರೆ ಅಡಿ. ಅಷ್ಟು ಅಗಲದ, ಮಧ್ಯದ ತಿರುಳು ತಪ್ಪಿಸಿ ಕೊಯ್ದ ಕೆಚ್ಚಿನ ಹಲಗೆ ಸಿಗಬೇಕಾದರೆ ಕಾಂಡದ ವ್ಯಾಸ ಎರಡೂವರೆ ಅಡಿಯಾದರೂ, ಅಂದರೆ ಸುಮಾರು 75 ಸೆಂಟಿಮೀಟರ್ ಆದರೂ ಇರಬೇಕು. ಬೀಟೆ ನಿಧಾನವಾಗಿ ಬೆಳೆಯುವ ಮರ. ಲೆಕ್ಕಕ್ಕೆಂದು, ವರ್ಷಕ್ಕೆ ಅರ್ಧ ಸೆಂಟಿಮೀಟರ್ ದಪ್ಪವಾಗುತ್ತದೆ ಎಂದಿಟ್ಟುಕೊಂಡರೂ 150 ವರ್ಷ ಬೇಕು. ಆ ಮರವನ್ನು 1880ರ ಸುಮಾರಿಗೆ ಕಡಿದಿದ್ದರೆ, ಅದು ಮೊಳಕೆಯೊಡೆದದ್ದು 1730ರ ಆಸುಪಾಸಿನಲ್ಲಿ. ಆಗ ಈ ಮಲೆನಾಡನ್ನು ಆಳುತ್ತಿದ್ದವರು ಕೆಳದಿಯ ನಾಯಕರು. ಹೈದರಾಲಿ ಕೆಳದಿ ರಾಜ್ಯವನ್ನು ಗೆದ್ದುಕೊಂಡದ್ದು 1763ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಬಾಗಿಲಿನ ಮರ ಇನ್ನೂ ತೋಳಿನ ಗಾತ್ರಕ್ಕಿಂತ ತುಸು ದಪ್ಪವಿದ್ದೀತು.

ಕಾಫಿ ಕಡಿದದ್ದೂ ಕಾಫಿ ಉಳಿಸಿದ್ದೂ

ಬಾಬಾಬುಡನ್ ಎಂಬ ಸಂತರು 17ನೆಯ ಶತಮಾನದಲ್ಲಿ ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಪ್ರತೀತಿ. ಬಹಳ ಕಾಲ ಕಾಫಿ ಹಿತ್ತಿಲ ಗಿಡವಾಗಿಯೇ ಉಳಿಯಿತು. ಕ್ಯಾನನ್ ಎಂಬ ಆಂಗ್ಲ ತೋಟಗಾರ 1830ರ ಸುಮಾರಿಗೆ ಬಾಬಾಬುಡನ್ ಗಿರಿಯ ದಕ್ಷಿಣಕ್ಕೆ ತೋಟ ಮಾಡಿದ ಮೇಲೆ ದೊಡ್ಡ ಪ್ರಮಾಣದ ಬೇಸಾಯ ಶುರುವಾಯಿತು. ಮುಂದಿನ ದಶಕಗಳಲ್ಲಿ ಒಬ್ಬರ ಹಿಂದೊಬ್ಬರು ಬಂದರು. ಕಾಡು ಕಡಿದು, ಬೆಂಕಿ ಹಾಕಿ, ಬಯಲಿನಲ್ಲಿ ಕಾಫಿ ನೆಟ್ಟರು.

ಬಿಸಿಲಿಗೆ ಒಡ್ಡಿಕೊಂಡ ಗಿಡಗಳನ್ನು 1860ರ ದಶಕದಲ್ಲಿ ಕಾಂಡಕೊರಕ ಹುಳು ಹಾಳುಮಾಡಿತು. ನೆರಳಿಲ್ಲದೆ ಇಲ್ಲಿ ಕಾಫಿ ಉಳಿಯದು ಎಂಬ ಪಾಠವನ್ನು ತೋಟಗಾರರು ನಷ್ಟ ಅನುಭವಿಸಿಯೇ ಕಲಿತರು. ಮಂಜರಾಬಾದ್ ಸೀಮೆಯಲ್ಲಿ ನೆಲೆಸಿದ್ದ ರಾಬರ್ಟ್ ಎಲಿಯಟ್ ಎಂಬ ತೋಟಗಾರ 1894ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ನೆರಳಿನ ಮರಗಳ ಆಯ್ಕೆಯ ಬಗ್ಗೆ ವಿಸ್ತಾರವಾಗಿ ಬರೆದಿದ್ದಾನೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಕಾಡಿನ ಬೀಟೆಯನ್ನು ಕಡಿಸಿದ್ದೂ ಕಾಫಿ, ಅಳಿದುಳಿದ ಬೀಟೆಯನ್ನು ನೆರಳಿಗೆಂದು ತೋಟದೊಳಗೆ ಉಳಿಸಿಕೊಂಡದ್ದೂ ಕಾಫಿ. ಇಂದಿಗೂ ಮೂಡಿಗೆರೆ, ಕಳಸದ ಹಳೆಯ ತೋಟಗಳಲ್ಲಿ ದೊಡ್ಡ ಬೀಟೆ, ಹೊನ್ನೆ, ಮತ್ತಿ, ನಂದಿ ಮರಗಳು ಕಾಣಸಿಗುವುದು ಇದೇ ಕಾರಣಕ್ಕೆ.

ಬಾಗಿಲೇ ಇಲ್ಲದವರು

ನಾವು ನೋಡಿದ ಬಾಗಿಲನ್ನು ಮೊದಲು ಮಾಡಿಸಿದಾಗ ಎಷ್ಟು ಖರ್ಚಾಗಿತ್ತು? ಮನೆಯಲ್ಲಿ ಲೆಕ್ಕದ ಪುಸ್ತಕವಿಲ್ಲ. ಆದರೆ ಖರ್ಚಿನ ಬಗೆಯನ್ನು ಊಹಿಸಬಹುದು. ಮರ ಹತ್ತಿರದಲ್ಲೇ ಇತ್ತು. ದುಬಾರಿಯಾಗಿದ್ದದ್ದು ಮನುಷ್ಯರ ಶ್ರಮ. ಕಡಿಯುವವರು, ಎತ್ತು ಕಟ್ಟಿ ಎಳೆಸುವವರು, ವಾರಗಟ್ಟಲೆ ಗರಗಸ ಎಳೆಯುವವರು, ಬಾಚಿ ಉಳಿ ಹಿಡಿದು ರೂಪ ಕೊಡುವ ಆಚಾರಿ, ಇವರೆಲ್ಲರ ಕೂಲಿ ಮತ್ತು ಊಟ. ಅಂದಿನ ಶ್ರಮಕ್ಕೆ ಸಿಗುತ್ತಿದ್ದ ಕೂಲಿಯೂ ಅಲ್ಪವೇ.

ಆಗ ಎಲ್ಲರ ಮನೆಗೂ ಇಂಥ ಬಾಗಿಲು ಇರಲಿಲ್ಲ ಎಂಬುದನ್ನು ಮರೆಯಬಾರದು. ತೋಟದ ಕೆಲಸಕ್ಕೆ ದಕ್ಷಿಣ ಕನ್ನಡದಿಂದ ಜನರು ಮೇಸ್ತ್ರಿಯ ಹತ್ತಿರ ಮುಂಗಡ ಪಡೆದು, ನಡೆದೇ ಘಟ್ಟ ಹತ್ತಿ ಬರುತ್ತಿದ್ದರು. ಅವರು ಇರುತ್ತಿದ್ದ ಗುಡಿಸಲುಗಳಿಗೆ ಬಾಗಿಲೆಂದರೆ ಬಿದಿರಿನ ತಟ್ಟಿ. ತೋಟದ ಕಾರ್ಮಿಕರಿಗೆ ವಾಸಯೋಗ್ಯ ಮನೆ ಒದಗಿಸುವ ಹೊಣೆಯನ್ನು ಕಾನೂನು ಮಾಲೀಕರ ಮೇಲೆ ಹೊರಿಸಿದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ ಮೂಲಕ. ಭದ್ರವಾಗಿ ಚಿಲಕ ಹಾಕಿಕೊಳ್ಳುವಂಥ ಬಾಗಿಲು ಅನೇಕ ಕುಟುಂಬಗಳಿಗೆ ದೊರೆತದ್ದು ಸ್ವಾತಂತ್ರ್ಯದ ನಂತರವೇ. ಹಳೆಯ ಬಾಗಿಲಿನ ಸೊಬಗನ್ನು ಹೊಗಳುವಾಗ, ಅದನ್ನು ಹೊತ್ತು ತಂದವರ ಮನೆಗೆ ಬಾಗಿಲಿರಲಿಲ್ಲ ಎಂಬ ಮಾತನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಮರ ದುಬಾರಿಯಾದ ಬಗೆ

ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದದ್ದು 1864ರಲ್ಲಿ. 1900ರಲ್ಲಿ ಮೈಸೂರು ಅರಣ್ಯ ರೆಗ್ಯುಲೇಷನ್ ಬಂತು. ಬೆಲೆಬಾಳುವ ಮರಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಕಾಡನ್ನು ಉಳಿಸುವುದರ ಜೊತೆಗೆ, ಕಾಡಿನಿಂದ ಆದಾಯ ಪಡೆಯುವುದೂ ಇದರ ಉದ್ದೇಶವಾಗಿತ್ತು.

ಅದೇ ಕಾಲಕ್ಕೆ ಮರಕ್ಕೆ ಬೇಡಿಕೆ ನಾನಾ ಕಡೆಯಿಂದ ಬಂತು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಜಾಗದಲ್ಲಿ ಎದ್ದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅಲ್ಲಿನ ಅಂಬಾವಿಲಾಸಕ್ಕೆ ಹೋದವರು ದಂತದ ಕುಸುರಿಯಿರುವ ಬೀಟೆಯ ಬಾಗಿಲನ್ನು ನೋಡಿರುತ್ತೀರಿ. ಮುಂದೆ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಬಂತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಅದರ ಕುಲುಮೆಗೆ ಅದಿರು ಬಂದದ್ದು ನಮ್ಮ ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಬಂದದ್ದು ಮಲೆನಾಡಿನ ಕಾಡಿನಿಂದ. ರೈಲು ಹಳಿಯ ಕೆಳಗೆ ಹಾಸುವ ಮರದ ದಿಮ್ಮಿಗಳಿಗೂ, ಎರಡನೆಯ ಮಹಾಯುದ್ಧದ ಅಗತ್ಯಗಳಿಗೂ ಕಾಡು ಬರಿದಾಯಿತು.

ಆಮೇಲೆ ಒಂದರ ಹಿಂದೊಂದು ಕಾನೂನುಗಳು ಬಂದವು. 1963ರ ಅರಣ್ಯ ಕಾಯ್ದೆ, ಖಾಸಗಿ ಜಮೀನಿನ ಮರಗಳಿಗೂ ಅನ್ವಯಿಸುವ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1980ರ ಕೇಂದ್ರ ಅರಣ್ಯ ಸಂರಕ್ಷಣಾ ಕಾಯ್ದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ, ಅನುಮೋದಿತ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯುವುದನ್ನು ದೇಶದಾದ್ಯಂತ ನಿಲ್ಲಿಸಿತು. 2017ರ ಜನವರಿಯಿಂದ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಬೀಟೆಯ ಇಡೀ ಕುಲ ಸೇರಿತು. ಹೊರಗಿನ ತೇಗವೂ ಸುಲಭವಾಗಿ ಉಳಿಯಲಿಲ್ಲ. ಬರ್ಮಾ ತೇಗವೆಂದು ಹೆಸರಾಗಿದ್ದ ಮರದ ದುಂಡು ದಿಮ್ಮಿಗಳ ರಫ್ತನ್ನು ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲಿ ನಿಲ್ಲಿಸಿತು.

ಅಜ್ಜಿಯ ತೋಟದಲ್ಲೇ ಎರಡು ಬೀಟೆ ಮರಗಳಿವೆ. “ನಮ್ಮ ಮರ, ನಮ್ಮ ಬಾಗಿಲು. ಕಡಿದ್ರೆ ಎಂತ?” ಎಂದು ಅವರ ಮಗ ಕೇಳಿದರು. ಹಾಗೆ ಕಡಿಯಲು ಬರುವುದಿಲ್ಲ. ಜಮೀನು ಯಾವ ಷರತ್ತಿನ ಮೇಲೆ ಬಂದಿದೆ ಎಂಬುದನ್ನು ಅನುಸರಿಸಿ ಕೆಲವು ಜಾತಿಯ ಮರಗಳ ಹಕ್ಕು ಸರ್ಕಾರದ ಬಳಿಯೇ ಇರಬಹುದು. ಹಕ್ಕು ತಮ್ಮದೇ ಆದರೂ ಕಡಿಯಲು ಇಲಾಖೆಯ ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ಇದಕ್ಕೆ ಹೊರತಾದ ಕೆಲವು ಮರಗಳಲ್ಲಿ ಸಿಲ್ವರ್ ಓಕ್ ಒಂದು. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಕಾದಾಗ ಕಡಿಯಬಹುದು. ಆದ್ದರಿಂದಲೇ ತೋಟಗಳಲ್ಲಿ ಅದು ಹೆಚ್ಚುತ್ತಾ ಬಂದಿದೆ. ಆದರೆ ಮಳೆಗೂ ಗೆದ್ದಲಿಗೂ ಮೈಯೊಡ್ಡುವ ತಲೆಬಾಗಿಲಿಗೆ ಅದು ಹೇಳಿಸಿದ್ದಲ್ಲ.

ಒಂದು ಬಾಗಿಲಿಗಾಗಿ ಇಷ್ಟು ಅಲೆದಾಟವೇ ಎಂದು ಬೇಸರವಾಗುವುದು ಸಹಜ. ‘ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ದೊಡ್ಡ ಪ್ರಮಾಣದಲ್ಲಿ ಕಾಡು ಬರಿದಾದ ನಂತರ ಬಂದ ನಿಯಮದ ಬಿಸಿ ಇಂದು ಸಣ್ಣ ಹಿಡುವಳಿದಾರನಿಗೆ ತಟ್ಟುತ್ತಿದೆ. ಆದರೆ ಆ ನಿಯಮಗಳೂ ಇಲ್ಲದಿದ್ದರೆ ಉಳಿದ ಬೀಟೆ ಮರಗಳು ಇಂದಿಗೆ ನಿಂತಿರುತ್ತಿದ್ದವೇ ಎಂಬುದನ್ನೂ ಯೋಚಿಸಬೇಕು.

ವ್ಯಾಪಾರಿ ಏಕೆ ಹಣ ಕೊಡುತ್ತಾನೆ?

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. 1990ರ ದಶಕದ ಆರಂಭದವರೆಗೆ ಬೆಳೆಗಾರರು ತಮ್ಮ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. 1992ರಿಂದ 1996ರ ನಡುವೆ ಈ ಕಟ್ಟು ಹಂತಹಂತವಾಗಿ ಸಡಿಲವಾಯಿತು. 1994ರಲ್ಲಿ ಬ್ರೆಜಿಲ್ ದೇಶದ ತೋಟಗಳಿಗೆ ಹೆಪ್ಪುಗಟ್ಟಿಸುವ ಚಳಿ ತಗುಲಿ ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಏರಿತು. ಮಲೆನಾಡಿನ ಕೈಯಲ್ಲಿ ಹಣ ಓಡಾಡಿತು. ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿದವರು ಅನೇಕರು. ಕೆಲವೇ ವರ್ಷಗಳಲ್ಲಿ, 2000ದ ಸುಮಾರಿಗೆ ಕಾಫಿಯ ಬೆಲೆ ನೆಲಕಚ್ಚಿತು. ಆಗ ಸಾಲ ತೀರಿಸಲು ಹಳೆಯ ಸಾಮಾನು ಮಾರಿದವರೂ ಉಂಟು. ಹಣ ಬಂದಾಗಲೂ ಬಾಗಿಲು ಹೋಯಿತು, ಹಣ ಹೋದಾಗಲೂ ಬಾಗಿಲೇ ಹೋಯಿತು.

ಹೀಗೆ ಹೋದ ಕಂಬ, ದಾರಂದ, ಕದಗಳು ನಗರದ ಹೊಸ ಮನೆಗಳಿಗೆ, ಹೋಟೆಲುಗಳಿಗೆ ಅಲಂಕಾರವಾಗುತ್ತವೆ. ವ್ಯಾಪಾರಿಗೆ ಬೇಕಾದದ್ದು ಇಂದು ಪೇಟೆಯಲ್ಲಿ ಸಿಗದ ಒಂದೂವರೆ ಅಡಿಯ ಕೆಚ್ಚಿನ ಹಲಗೆ. ನೂರು ವರ್ಷ ಒಣಗಿದ ಮರ ಇನ್ನು ಡೊಂಕಾಗುವುದಿಲ್ಲ, ಸೀಳುವುದಿಲ್ಲ. ಕೆಳಗಿನ ಮುಕ್ಕಾಲು ಅಡಿ ಕೊಳೆತಿದ್ದರೆ ಅವನಿಗೆ ನಷ್ಟವೇನೂ ಇಲ್ಲ. ಇಲ್ಲಿ ಕಾನೂನಿನ ಒಂದು ಮಾತು ತಿಳಿದಿರಲಿ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ, ಕಟ್ಟಡದಿಂದ ಬೇರ್ಪಡಿಸಿದ ಭಾಗವೂ ಪುರಾತನ ವಸ್ತುವಾಗಬಲ್ಲದು. ಅಂಥದ್ದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಹೀಗೆ ಚದುರಿಹೋಗುವುದನ್ನು ಕಂಡು ಮರುಗಿದವರೂ ಇದ್ದರು. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಪುನಃ ಜೋಡಿಸಿ ಹಸ್ತಶಿಲ್ಪ ಪರಂಪರೆಯ ಗ್ರಾಮವನ್ನು ರೂಪಿಸಿದರು. ಅವರು 2017ರಲ್ಲಿ ನಿಧನರಾದರು. ಅವಕಾಶವಾದರೆ ಶಾಲಾ ಪ್ರವಾಸದಲ್ಲಿ ಅದನ್ನು ನೋಡಿ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಕವಿಮನೆಯೂ ಮಲೆನಾಡಿನ ಮರಗೆಲಸವನ್ನು ತಿಳಿಯಲು ಒಳ್ಳೆಯ ಪಾಠಶಾಲೆ.

ಮೊಮ್ಮಗಳ ಲೆಕ್ಕ

ರೂಪಾಯಿಯ ಲೆಕ್ಕ ವರ್ಷಕ್ಕೊಮ್ಮೆ ಹಳತಾಗುತ್ತದೆ. ಆದ್ದರಿಂದ ಮೊಮ್ಮಗಳು ತನ್ನ ನೋಟುಪುಸ್ತಕದಲ್ಲಿ ಮರವನ್ನು ಘನ ಅಡಿಯಲ್ಲೂ, ಕೆಲಸವನ್ನು ದಿನಗಳಲ್ಲೂ ಬರೆದಳು. ದರ ಯಾವುದೇ ಇರಲಿ, ಗುಣಿಸಿಕೊಳ್ಳಬಹುದು.

ಎರಡೂ ಕದ ಸೇರಿ ಅಗಲ 3 ಅಡಿ, ಎತ್ತರ ಐದೂವರೆ ಅಡಿ, ದಪ್ಪ 2 ಅಂಗುಲ. ಗುಣಿಸಿದರೆ 2.75 ಘನ ಅಡಿ. ದಾರಂದದ ಮರ 8 ಅಂಗುಲಕ್ಕೆ 6 ಅಂಗುಲ. ಎರಡು ನಿಲುವುಗಳು ಆರಾರು ಅಡಿ, ತಲೆಪಟ್ಟಿ ಮತ್ತು ಹೊಸ್ತಿಲು ಐದೈದು ಅಡಿ. ಒಟ್ಟು 22 ಅಡಿ ಉದ್ದ, ಅಂದರೆ 7.33 ಘನ ಅಡಿ. ಎರಡನ್ನೂ ಕೂಡಿದರೆ ಸುಮಾರು 10 ಘನ ಅಡಿ. ಒಂದು ಘನ ಅಡಿ ಬೀಟೆ ಸುಮಾರು 24 ಕಿಲೋ ತೂಗುತ್ತದೆ. ಹಾಗಾದರೆ ಆ ಬಾಗಿಲಿನ ತೂಕ ಸುಮಾರು 240 ಕಿಲೋ! ದಿಮ್ಮಿಯನ್ನು ಕೊಯ್ಯುವಾಗ ತೊಗಟೆ, ಬಿಳಿಭಾಗ, ಹೊಟ್ಟು ಎಂದು ಸರಿಸುಮಾರು ಅರ್ಧ ಹೋಗುವುದರಿಂದ, ಹೊಸದನ್ನು ಮಾಡಿಸಲು 20 ಘನ ಅಡಿಯ ದುಂಡು ಮರ ಬೇಕು. ಆಚಾರಿಯವರು ಹೇಳಿದಂತೆ ಇಬ್ಬರಿಗೆ 25 ದಿನಗಳ ಕೆಲಸ.

ಇನ್ನು ದುರಸ್ತಿಯ ಲೆಕ್ಕ. ಕದಗಳ ಕೆಳಗಿನ ಮುಕ್ಕಾಲು ಅಡಿಯನ್ನು ಕತ್ತರಿಸಿ ಹೊಸ ಮರ ಬೆಸೆಯಬೇಕು. ಅದಕ್ಕೆ ಅರ್ಧ ಘನ ಅಡಿಯೂ ಬೇಡ. ಹೊಸ್ತಿಲಿಗೆ 1.67 ಘನ ಅಡಿ. ಎಲ್ಲ ಸೇರಿ ಎರಡು ಘನ ಅಡಿ. ಇಬ್ಬರಿಗೆ ಐದಾರು ದಿನದ ಕೆಲಸ. ಅಂದರೆ ಹೊಸದರ ಐದನೆಯ ಒಂದು ಭಾಗದಷ್ಟು ಮರ, ಸುಮಾರು ಅಷ್ಟೇ ಪಾಲಿನ ಕೂಲಿ.

“ಆ ಎರಡು ಘನ ಅಡಿ ಎಲ್ಲಿಂದ ತರೋದು ಆಚಾರ್ರೇ?” ಎಂದು ಅಜ್ಜಿ ಕೇಳಿದರು. ಆಚಾರಿಯವರು ಮಾತಾಡದೆ ಕೊಟ್ಟಿಗೆಯ ಕಡೆಗೆ ಕೈ ತೋರಿಸಿದರು. ಹಿಂದಿನ ವರ್ಷ ಮಳೆಗೆ ಬಿದ್ದ ಹಳೆಯ ಕೊಟ್ಟಿಗೆಯ ಒಂದು ಬೀಟೆಯ ತೊಲೆ ಸೌದೆಯ ರಾಶಿಯ ಕೆಳಗೆ ಬಿದ್ದಿತ್ತು. ಬಾಚಿಯಿಂದ ಮೇಲಿನ ಪದರ ಕೆತ್ತಿದಾಗ ಒಳಗೆ ಅದೇ ನೇರಳೆ ಬಣ್ಣ ಕಂಡಿತು.

ಅಜ್ಜಿಗೆ ಇನ್ನೂ ಒಂದು ಅಳುಕಿತ್ತು. “ಮದುವೆಯಾಗಿ ಬಂದಾಗ ನಾನು ಅಕ್ಕಿ ತುಂಬಿದ ಸೇರು ಒದ್ದು ಬಂದ ಹೊಸ್ತಿಲು ಇದು. ತೆಗೆಯಬಹುದಾ?” ಆಚಾರಿಯವರು ಸಮಾಧಾನವಾಗಿ ಹೇಳಿದರು: “ಒಳ್ಳೆ ದಿನ ನೋಡಿ ಮಾಡುವ ಅಮ್ಮಾ. ತೆಗೆದದ್ದರಲ್ಲಿ ಗಟ್ಟಿ ಇರೋ ಭಾಗದಿಂದ ನಿಮಗೆ ಒಂದು ದೇವರ ಮಣೆ ಮಾಡಿಕೊಡ್ತೇನೆ.”

ದೀಪಾವಳಿಗೆ ಮುನ್ನ, ಮಳೆ ಹಿಂದಾದ ಮೇಲೆ ಕೆಲಸ ನಡೆಯಿತು. ಹೊಸ್ತಿಲಿನ ಕೆಳಗೆ ಚಪ್ಪಡಿ ಕಲ್ಲು ಹಾಕಿ ನೆಲದ ತೇವ ತಾಗದಂತೆ ಮಾಡಿದರು. ಜಗಲಿಯ ಸೂರನ್ನು ಒಂದೂವರೆ ಅಡಿ ಮುಂದಕ್ಕೆ ಚಾಚಿ ಇರಚಲು ತಪ್ಪಿಸಿದರು. ಬೆಸುಗೆಯ ಜಾಗಕ್ಕೆ ಗೇರೆಣ್ಣೆ ಬಳಿದರು. ಗೇರುಬೀಜದ ಸಿಪ್ಪೆಯ ಈ ಎಣ್ಣೆ ಮರಕ್ಕೆ ಒಳ್ಳೆಯದು, ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಎಚ್ಚರ ಬೇಕು. ಮುಂದಿನ ಜುಲೈನಲ್ಲಿ ನಾವು ಅದೇ ದಾರಿಯಲ್ಲಿ ಹೋದಾಗ ಬಾಗಿಲನ್ನು ಮೊಮ್ಮಗಳು ಒಂದೇ ಕೈಯಲ್ಲಿ ತೆರೆದಳು. ಹಳೆಯ ಮರ, ಹೊಸ ತುಂಡು ಕೂಡಿದ ಗೆರೆ ಇನ್ನೂ ಕಾಣುತ್ತಿತ್ತು. ಅದನ್ನು ಮುಚ್ಚಲು ಬಣ್ಣ ಹಚ್ಚುವುದು ಬೇಡವೆಂದು ಅಜ್ಜಿಯೇ ಹೇಳಿದ್ದರಂತೆ.

ಎಲ್ಲ ಹಳೆಯ ಬಾಗಿಲುಗಳನ್ನೂ ಹೀಗೆ ಉಳಿಸಿಕೊಳ್ಳಲು ಸಾಧ್ಯವಿಲ್ಲ. ಪೂರ್ತಿ ಲಡ್ಡಾದದ್ದನ್ನು ಬದಲಿಸಲೇಬೇಕು. ಕಾರ್ಖಾನೆಯ ಬಾಗಿಲು ಕೆಟ್ಟದ್ದೆಂದೂ ಅಲ್ಲ, ಅದರಿಂದ ಎಷ್ಟೋ ಬಡವರ ಮನೆಗೆ ಭದ್ರತೆ ಬಂದಿದೆ. ಆದರೆ ‘ಬದಲಿಸಲು ಎಷ್ಟಾಗುತ್ತದೆ?’ ಎಂದು ಕೇಳುವ ಮೊದಲು ‘ಕೆಟ್ಟಿರುವುದು ಎಷ್ಟು?’ ಎಂದು ಅಳೆಯುವುದು ಜಾಣತನ. ಹತ್ತು ಘನ ಅಡಿಯಲ್ಲಿ ಕೆಟ್ಟದ್ದು ಎರಡು ಘನ ಅಡಿ ಮಾತ್ರ ಎಂದು ತಿಳಿಯದಿದ್ದರೆ, ಉಳಿದ ಎಂಟು ಘನ ಅಡಿಯ ಜೊತೆಗೆ 150 ವರ್ಷಗಳ ಬೆಳವಣಿಗೆಯೂ ಕೆಲವು ನೋಟುಗಳಿಗೆ ಕೈಬಿಟ್ಟು ಹೋಗುತ್ತಿತ್ತು.

ತಲೆಬಾಗಿಲು ಎಂದರೆ ಮನೆಯ ಮುಖ್ಯ ಬಾಗಿಲು. ‘ತಲೆ’ ಎಂಬುದಕ್ಕೆ ಮೊದಲನೆಯದು, ಪ್ರಧಾನವಾದದ್ದು ಎಂಬ ಅರ್ಥವಿದೆ. ಆದರೆ ಐದೂವರೆ ಅಡಿಯ ಆ ಬಾಗಿಲನ್ನು ದಾಟುವಾಗ ನಮ್ಮಂಥ ಎತ್ತರದವರು ತಲೆ ಬಾಗಿಸಲೇಬೇಕು. ಹಾಗಾಗಿ ‘ತಲೆ ಬಾಗು’ ಎಂಬುದೇ ಅದರ ಅರ್ಥವೆಂದು ಊರಿನವರು ತಮಾಷೆ ಮಾಡುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಿಮ್ಮ ಮನೆಯ ಅಥವಾ ಅಜ್ಜಿಯ ಮನೆಯ ಬಾಗಿಲನ್ನು ಒಮ್ಮೆ ಅಳೆದು ನೋಡಿ. ಮರ ಯಾವುದು, ಗರಗಸದ ಗುರುತು ಎಂಥದ್ದು, ಹೆಂಚಿನ ಮೇಲೆ ಯಾವ ಅಚ್ಚಿದೆ, ಅದನ್ನು ಮಾಡಿದ ಆಚಾರಿಯ ಮನೆತನ ಯಾವುದು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಅಷ್ಟನ್ನು ಬರೆದಿಟ್ಟರೆ ನಿಮ್ಮ ಊರಿನ ಇತಿಹಾಸದ ಒಂದು ಪುಟ ನಿಮ್ಮ ಕೈಯಿಂದಲೇ ಸಿದ್ಧವಾಗುತ್ತದೆ.